‘ಆ ಪಟ್ಟಿ ನಿಮ್ಮಲ್ಲಿ ಇದೆಯೇ, ಅಕ್ಕಾ?’

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನ ಔಷಧಿ ಅಂಗಡಿ. ಮೈಗೆ ಅಂಟಿಸಿಕೊಂಡರೆ ಗರ್ಭ ನಿಲ್ಲದಂತೆ ತಡೆಯುವ ಪಟ್ಟಿಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ, ‘ಇದು ಇದೆಯೇ ಅಕ್ಕಾ?’ ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಪಕ್ಕದಲ್ಲಿ ಬೇರೆ ಗಿರಾಕಿ ಇದ್ದರೆ ಕೇಳುವುದಿಲ್ಲ. ತಲೆನೋವಿನ ಗುಳಿಗೆ ಕೊಂಡು, ಚಿಲ್ಲರೆ ಎಣಿಸುತ್ತ ನಿಂತು, ಆತ ಹೋದ ಮೇಲೆ ದನಿ ತಗ್ಗಿಸುತ್ತಾರೆ.

ಇಲ್ಲ, ನನ್ನಲ್ಲಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಕೊಡುವ ಸಾಧನಗಳಲ್ಲೂ ಅದು ಸೇರಿಲ್ಲ. ಇಷ್ಟು ಹೇಳಿ ಸುಮ್ಮನಿರಬಹುದಿತ್ತು. ಆದರೆ ಎರಡು ವರ್ಷದ ಹಿಂದೆ ಆಳಂದ ಕಡೆಯ ಹೆಣ್ಣುಮಗಳೊಬ್ಬಳು ದುಬೈಯಿಂದ ನಾದಿನಿ ಕಳಿಸಿದ್ದೆಂದು ಒಂದು ಪೊಟ್ಟಣ ತಂದು ತೋರಿಸಿದಳು. ಎರಡು ತಿಂಗಳಿಂದ ಅಂಟಿಸಿಕೊಳ್ಳುತ್ತಿದ್ದಳಂತೆ. ಹೊರಳಿಸಿ ಓದಿದರೆ ಅದು ಮುಟ್ಟು ನಿಲ್ಲುವ ವಯಸ್ಸಿನವರಿಗೆ ಕೊಡುವ ಈಸ್ಟ್ರೋಜನ್ ಪಟ್ಟಿ. ಅದರಿಂದ ಗರ್ಭ ತಡೆಯಲಾಗದು. ಗರ್ಭ ಪರೀಕ್ಷೆಯ ಕಿಟ್ ಕೊಟ್ಟು ಕಳಿಸಿದೆ. ಮರುದಿನ ಬೆಳಿಗ್ಗೆ ಫೋನ್ ಮಾಡಿ ‘ಒಂದೇ ಗೆರೆ ಬಂದಿದೆ ಅಕ್ಕಾ’ ಎಂದಾಗ ನನಗೇ ಉಸಿರು ಬಂದಂತಾಯಿತು. ಅಂದಿನಿಂದ ಕೇಳಿದವರಿಗೆಲ್ಲ ಪೂರ್ತಿ ಉತ್ತರವನ್ನೇ ಹೇಳುತ್ತೇನೆ.

ಗರ್ಭ ತಡೆಯುವ ಮೊದಲ ಪಟ್ಟಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಸುಮಾರು ನಾಲ್ಕೂವರೆ ಸೆಂಟಿಮೀಟರಿನ ಚೌಕ. ಅದರಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನುಗಳಿರುತ್ತವೆ. ಗರ್ಭ ತಡೆಯಲು ದಿನಾ ನುಂಗುವ ಮಾಲಾ-ಎನ್ ಗುಳಿಗೆಯಲ್ಲಿರುವುದೂ ಇದೇ ಜಾತಿಯ ಜೋಡಿ. ಗುಳಿಗೆ ಹೊಟ್ಟೆಯ ದಾರಿಯಿಂದ ಹೋಗುತ್ತದೆ, ಇದು ಚರ್ಮದ ದಾರಿಯಿಂದ. ಕೆಲಸ ಒಂದೇ, ಅಂಡ ಬಿಡುಗಡೆಯಾಗದಂತೆ ತಡೆಯುವುದು. ವಾರಕ್ಕೊಂದರಂತೆ ಮೂರು ವಾರ ಅಂಟಿಸಿಕೊಂಡು, ನಾಲ್ಕನೆಯ ವಾರ ಬಿಟ್ಟರೆ ಆಗ ಮುಟ್ಟು ಬರುತ್ತದೆ. ಬದಲಿಸುವ ದಿನ ಮಾತ್ರ ತಪ್ಪಬಾರದು. ಸೋಮವಾರ ಶರಣಬಸವೇಶ್ವರ ಗುಡಿಗೆ ಹೋಗುವವರು ಸೋಮವಾರವನ್ನೇ ಹಿಡಿದುಕೊಳ್ಳಬಹುದು.

ಹೊಟ್ಟೆ, ಪೃಷ್ಠ, ತೋಳಿನ ಹೊರಭಾಗ, ಬೆನ್ನಿನ ಮೇಲ್ಭಾಗ, ಇವುಗಳಲ್ಲಿ ಎಲ್ಲಾದರೂ ಅಂಟಿಸಬಹುದು. ಎದೆಗೆ ಮಾತ್ರ ಬೇಡ. ಮೈಗೆ ಎಣ್ಣೆ, ಪೌಡರು ಇರಕೂಡದು. ಅಂಟಿಸಿದ ಮೇಲೆ ಅಂಗೈಯಿಂದ ಹತ್ತು ಸೆಕೆಂಡು ಒತ್ತಿ, ಅಂಚಿನ ಸುತ್ತ ಬೆರಳಾಡಿಸಿ ನೋಡಬೇಕು. ‘ನಮ್ಮ ಮೇ ತಿಂಗಳ ಬೆವರಿಗೆ ನಿಂತೀತೇ?’ ಎಂದು ಎಲ್ಲರೂ ಕೇಳುತ್ತಾರೆ. ಬಿಸಿ, ತೇವ, ವ್ಯಾಯಾಮಗಳಲ್ಲಿ ಪರೀಕ್ಷಿಸಿದಾಗ ಕಿತ್ತು ಬಂದು ಬದಲಿಸಬೇಕಾದವು ನೂರಕ್ಕೆ ಐದಕ್ಕಿಂತ ಕಡಿಮೆ. ಕಿತ್ತು ಬಂದು ಒಂದು ದಿನ ದಾಟಿದರೆ ಹೊಸ ಪಟ್ಟಿಯಿಂದ ಲೆಕ್ಕ ಮೊದಲಿನಿಂದ ಶುರು. ಏಳು ದಿನ ಕಾಂಡೋಮ್ ಕೂಡ ಬೇಕು. ಮೇಲೆ ಬೇರೆ ಟೇಪು ಹಚ್ಚಿ ಕೂರಿಸಬಾರದು. ನನಗೆ ಚಿಂತೆ ಬೆವರಿನದಲ್ಲ, ಇಟ್ಟುಕೊಳ್ಳುವುದರದು. ಈ ಪಟ್ಟಿಯನ್ನು ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿಡಬೇಕು, ಫ್ರಿಜ್ಜಿನಲ್ಲಿ ಇಡಬಾರದು. ನಲವತ್ತು ಡಿಗ್ರಿ ದಾಟುವ ನಮ್ಮ ತಗಡಿನ ಮನೆಗಳಲ್ಲಿ ಯಾವ ಮೂಲೆಯನ್ನು ಸಾಮಾನ್ಯ ಕೋಣೆ ಎನ್ನೋಣ?

ತಪ್ಪದೆ ಬಳಸಿದರೆ ವರ್ಷಕ್ಕೆ ನೂರರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದಿಲ್ಲ. ಮರೆವು, ಊರಿಗೆ ಹೋಗುವುದು, ಬಾಣಂತನಗಳ ನಡುವಿನ ನಿಜದ ಬದುಕಿನಲ್ಲಿ ಏಳರಿಂದ ಒಂಬತ್ತು ಜನರಿಗೆ ನಿಲ್ಲುತ್ತದೆ. ಗುಳಿಗೆಯದೂ ಇದೇ ಲೆಕ್ಕ. ತೂಕ ತೊಂಬತ್ತು ಕಿಲೋ ದಾಟಿದವರಲ್ಲಿ ಪಟ್ಟಿಯ ಪ್ರಭಾವ ಕಡಿಮೆ.

ಗುಳಿಗೆ ಒಗ್ಗದವರು ಪಟ್ಟಿಯಾದರೆ ಸೌಮ್ಯ ಎಂದುಕೊಳ್ಳುತ್ತಾರೆ. ಅದು ಹಾಗಲ್ಲ. 35 ಮೈಕ್ರೋಗ್ರಾಂ ಈಸ್ಟ್ರೋಜನ್ ಇರುವ ಗುಳಿಗೆಗಿಂತ ಸುಮಾರು ಶೇಕಡಾ 60ರಷ್ಟು ಹೆಚ್ಚು ಈಸ್ಟ್ರೋಜನ್ ಈ ಪಟ್ಟಿಯಿಂದ ರಕ್ತಕ್ಕೆ ಸೇರುತ್ತದೆ ಎಂದು ಅಮೆರಿಕದ ಔಷಧ ಇಲಾಖೆ 2005ರಲ್ಲೇ ಎಚ್ಚರಿಸಿತ್ತು. ಈಸ್ಟ್ರೋಜನ್ ಹೆಚ್ಚಿದಂತೆ ರಕ್ತ ಹೆಪ್ಪುಗಟ್ಟುವ ಭಯವೂ ಇರುತ್ತದೆ. ರಕ್ತದೊತ್ತಡ ಇದ್ದವರು, ಕಣ್ಣ ಮುಂದೆ ಮಿಂಚು ಬಂದು ಅರೆತಲೆನೋವು ಶುರುವಾಗುವವರು, ಮೂವತ್ತೈದು ದಾಟಿದ ಮೇಲೂ ಬೀಡಿ ಸಿಗರೇಟು ಸೇದುವವರು, ಹೊಸದಾಗಿ ಹೆತ್ತು ಹಾಲೂಡಿಸುವವರು ಇದರ ಗೋಜಿಗೆ ಹೋಗಬಾರದು. ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೆ ಪಟ್ಟಿಯ ಬಲವೇ ಕುಗ್ಗುತ್ತದೆ. ನಮ್ಮ ಕಡೆ ಈ ಪ್ರಶ್ನೆಯನ್ನು ಮೊದಲು ಕೇಳಬೇಕು.

ಅಷ್ಟು ದೂರದ ವಸ್ತು ಯಾಕೆ ಬೇಕೆಂದು ಕೇಳಿದರೆ ಎರಡೇ ಉತ್ತರ. ‘ದಿನಾ ನುಂಗುವುದು ನೆನಪಿರುವುದಿಲ್ಲ’ ಮತ್ತು ‘ಅತ್ತೆಯ ಕಣ್ಣಿಗೆ ಗುಳಿಗೆ ಹಾಳೆ ಬಿದ್ದರೆ ಕಷ್ಟ’. ಮೊದಲನೆಯದಕ್ಕೆ ಪಟ್ಟಿ ಸ್ವಲ್ಪ ಪರಿಹಾರವೇ. ಎರಡನೆಯದಕ್ಕೆ ಏನೂ ಅಲ್ಲ. ಗುಳಿಗೆಯನ್ನು ಅಕ್ಕಿ ಡಬ್ಬಿಯಲ್ಲಿ ಮುಚ್ಚಿಡಬಹುದು, ತೋಳಿನ ಮೇಲಿನ ಚೌಕವನ್ನು ಎಲ್ಲಿ ಮುಚ್ಚಿಡುವುದು? ಕಿತ್ತ ಮೇಲೂ ಅಂಟಿನ ಅಂಚು ಉಳಿದು, ಬಟ್ಟೆಯ ಎಳೆ ಹತ್ತಿ ಕಪ್ಪಾಗುತ್ತದೆ. ಬಳಸಿದ ಪಟ್ಟಿಯಲ್ಲೂ ಔಷಧಿ ಉಳಿದಿರುತ್ತದೆ. ಮಗುವಿನ ಕೈಗೆ ಸಿಗದಂತೆ ಮಡಚಿ ಎಸೆಯಬೇಕು, ಶೌಚಾಲಯದಲ್ಲಿ ಹಾಕಬಾರದು.

ವಾರಕ್ಕೊಂದು ಎಂಬುದೇ ಆಸೆಯಾದರೆ ‘ಛಾಯಾ’ ಇದೆ. ಲಖನೌದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಗುಳಿಗೆ, ಹಾರ್ಮೋನು ಅಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ಒಂದು. ಹಾಲೂಡಿಸುವವರೂ ತೆಗೆದುಕೊಳ್ಳಬಹುದು. ಪಿಸಿಓಡಿ ಎಂಬ ಅಂಡಾಶಯದ ತೊಂದರೆ ಅಥವಾ ಯಕೃತ್ತಿನ ತೊಂದರೆ ಇದ್ದವರಿಗೆ ಇದು ಬೇಡ. ಕೆಲವರಿಗೆ ಮುಟ್ಟು ತಡವಾಗಿ ಬಂದು ಹೆದರಿಸುತ್ತದೆ; ಮೊದಲೇ ಹೇಳಿಬಿಟ್ಟರೆ ಹೆದರುವುದಿಲ್ಲ. ‘ಅಂತರಾ’ ಚುಚ್ಚುಮದ್ದು ಮೂರು ತಿಂಗಳಿಗೊಂದು. ಕಣ್ಣಿಗೆ ಬೀಳುವಂಥದ್ದು ಏನೂ ಇಲ್ಲ, ಆದರೆ ಬಿಟ್ಟ ಮೇಲೆ ಮತ್ತೆ ಗರ್ಭ ನಿಲ್ಲಲು ಹಲವು ತಿಂಗಳು ಹಿಡಿಯಬಹುದು. ಎರಡೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಹಾಗಿದ್ದೂ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನೇರವಾಗಿ ಆಪರೇಷನ್ನಿಗೇ ಹೋಗುತ್ತಾರೆ. ಗಂಡಸರ ಆಪರೇಷನ್ ಇನ್ನೂ ಸುಲಭ, ಅದರ ಬಗ್ಗೆ ನನ್ನ ಕಟ್ಟೆಗೆ ಬಂದು ಕೇಳಿದ ಗಂಡಸು ಈವರೆಗೆ ಒಬ್ಬನೇ. ಅವನೂ ಗೆಳೆಯನಿಗಾಗಿ ಕೇಳುತ್ತಿದ್ದೇನೆ ಎಂದ.

ಆಳಂದದ ಆ ಹೆಣ್ಣುಮಗಳು ಡಾಕ್ಟರಿಗೆ ತೋರಿಸಿದ ಮೇಲೆ ಈಗ ಛಾಯಾ ತೆಗೆದುಕೊಳ್ಳುತ್ತಾಳೆ. ಸಂತೆಗೆ ಬಂದ ದಿನ ನನ್ನ ಅಂಗಡಿ ಮುಂದೆ ಹಾಯುವಾಗ ಚೀಲದಿಂದ ಸಬ್ಬಸಿಗೆ ಸೊಪ್ಪಿನ ಕಟ್ಟು ತೆಗೆದು ಕಟ್ಟೆಯ ಮೇಲಿಟ್ಟು, ‘ಇವತ್ತು ಗುಳಿಗೆಯ ವಾರ ಅಕ್ಕಾ, ನುಂಗಿಯೇ ಬಸ್ ಹತ್ತಿದೆ’ ಎಂದು ಹೇಳಿ ಹೋಗುತ್ತಾಳೆ.