ಸಾವ್ಕಾರ್ರಿಗೆ ಬಿಸಿಸಿ ತಿಳಿಸಿದ್ದು

ಗಂಗಾವತಿಯ ಅಕ್ಕಿ ಮಿಲ್ಲೊಂದಕ್ಕೆ ನಾನು ಜಿಎಸ್‌ಟಿ ಲೆಕ್ಕ ನೋಡಿಕೊಡುತ್ತೇನೆ. ಅವತ್ತು ರಿಟರ್ನ್ ತುಂಬಲು ಹೋದಾಗ ಆಫೀಸಿನಲ್ಲಿ ಫೋನುಗಳು ಒಂದರ ಹಿಂದೊಂದು ಬಡಿದುಕೊಳ್ಳುತ್ತಿದ್ದವು. ಸಾವ್ಕಾರ್ರ ಮಗ ಸೋನಾ ಮಸೂರಿಯ ಹೊಸ ರೇಟ್ ಲಿಸ್ಟನ್ನು ಮೇಲ್ ಮಾಡಿದ್ದ. ಬೆಂಗಳೂರು, ಪುಣೆ, ಮುಂಬೈನ ಅಷ್ಟೂ ವ್ಯಾಪಾರಿಗಳು ‘ಟು’ ಸಾಲಿನಲ್ಲೇ ಇದ್ದರು. ಅವರಲ್ಲೊಬ್ಬ, ಉತ್ತರ ಎಲ್ಲರಿಗೂ ಹೋಗುವ ‘ರಿಪ್ಲೈ ಆಲ್’ ಒತ್ತಿ, ಹೋದ ಲೋಡಿಗೆ ಕೊಟ್ಟ ರಿಯಾಯಿತಿ ಈ ಸಲ ಯಾಕಿಲ್ಲ ಎಂದು ಕೇಳಿದ್ದ. ಹಂಗೊಂದು ರಿಯಾಯಿತಿ ಇದೆ ಅನ್ನೋದೇ ಉಳಿದವರಿಗೆ ಗೊತ್ತಿರಲಿಲ್ಲ. ಸಂಜೆಯೊಳಗೆ ಸಾವ್ಕಾರ್ರು ಎಲ್ಲರಿಗೂ ಅದನ್ನೇ ಕೊಡಲು ಒಪ್ಪಿಕೊಳ್ಳಬೇಕಾಯಿತು.

“ಕಳ್ಸಿದ್ದು ವಾಪಸ್ ತೊಗೊಳ್ಳಾಕ ಬರಲ್ಲೇನ್ರಿ ಸರ?” ಎಂದರು ಸಾವ್ಕಾರ್ರು. ಜಿಮೇಲ್‌ನಲ್ಲಿ ‘ಅನ್‌ಡೂ’ ಇದೆ, ಆದರೆ ಹೆಚ್ಚೆಂದರೆ 30 ಸೆಕೆಂಡು. ಅದು ಮುಗಿದು ತಾಸುಗಟ್ಟಲೆ ಆಗಿತ್ತು.

ಹುಡುಗನನ್ನು ಬೈದು ಉಪಯೋಗವಿರಲಿಲ್ಲ. ಮೇಲ್ ಬರೆಯಲು ಕೂತರೆ ಎದ್ದು ಕಾಣುವುದು ‘ಟು’. ವಿಳಾಸ ಹಾಕುವ ಇನ್ನೆರಡು ಸಾಲುಗಳಾದ ಸಿಸಿ, ಬಿಸಿಸಿ ಮೂಲೆಯಲ್ಲಿರುತ್ತವೆ, ಫೋನಿನಲ್ಲಾದರೆ ಬಾಣದ ಗುರುತು ಒತ್ತಿದ ಮೇಲೆಯೇ ಕಾಣುತ್ತವೆ. ಕೆಲಸ ಮಾಡಬೇಕಾದವರು ಟು, ವಿಷಯ ಗೊತ್ತಿದ್ದರೆ ಸಾಕು ಎನ್ನುವವರು ಸಿಸಿ, ಈ ಇಬ್ಬರ ಹೆಸರೂ ಎಲ್ಲರಿಗೂ ಕಾಣುತ್ತದೆ ಎಂದೆ. ಬಿಸಿಸಿಯನ್ನು ಬಾಯಲ್ಲಿ ಹೇಳುವ ಬದಲು ಮಾಡಿಯೇ ತೋರಿಸಿದೆ. ಟು ಜಾಗದಲ್ಲಿ ಮಿಲ್ಲಿನದೇ ವಿಳಾಸ, ಬಿಸಿಸಿಯಲ್ಲಿ ನಾನು ಮತ್ತು ಗುಮಾಸ್ತರು. ನನ್ನ ಫೋನಿಗೆ ಬಂದ ಮೇಲ್‌ನಲ್ಲಿ ಗುಮಾಸ್ತರ ಸುಳಿವಿಲ್ಲ, ಅವರದರಲ್ಲಿ ನನ್ನದಿಲ್ಲ. ಕಳಿಸಿದ ಹುಡುಗನ ‘ಸೆಂಟ್’ನಲ್ಲಿ ಮಾತ್ರ ಇಬ್ಬರೂ ಇದ್ದೆವು.

“ಹೆಸರ ಇಲ್ಲಾಂದ ಮ್ಯಾಲ ಮುಟ್ಟೋದು ಹೆಂಗ್ರಿ?” ಸಾವ್ಕಾರ್ರು ಬಿಡಲಿಲ್ಲ. ನನ್ನ ಕಂಪ್ಯೂಟರ್ ಕ್ಲಾಸಿನಲ್ಲಿ ಯಾರೂ ಕೇಳದ ಪ್ರಶ್ನೆ ಇದು. ಯಾರಿಗೆ ಮುಟ್ಟಿಸಬೇಕು ಎಂಬ ಪಟ್ಟಿಯನ್ನು ಸರ್ವರ್‌ಗೆ ಬೇರೆಯಾಗಿ ಕೊಡಲಾಗುತ್ತದೆ, ಲಕೋಟೆಯ ಮೇಲಿನ ವಿಳಾಸದ ಹಾಗೆ. ನಾವು ಓದುವ ಟು, ಸಿಸಿ ಸಾಲುಗಳು ಒಳಗಿನ ಕಾಗದದಲ್ಲಿ ಬರೆದವು. ಬಿಸಿಸಿಯವರ ಹೆಸರು ಲಕೋಟೆಯ ಮೇಲಷ್ಟೇ ಇರುತ್ತದೆ. ಈ ಮೂರೂ ಹೊಸವೇನಲ್ಲ, 1982ರ ಆರ್‌ಎಫ್‌ಸಿ 822 ಎಂಬ ಇಮೇಲ್ ನಿಯಮಾವಳಿಯಲ್ಲೇ ಇವೆ.

ಸಾವ್ಕಾರ್ರ ಕಣ್ಣು ಮಿಂಚಿತು. “ಹಂಗಾದ್ರ ತಮ್ಮಾ, ಬ್ರೋಕರ್‌ಗೆ, ಲಾರಿ ಆಫೀಸಿಗೆ ಬರಿಯೋವಾಗ ನನ್ನೂ ಬಿಸಿಸಿ ಒಳಗ ಹಾಕು. ಅವ್ರು ಏನಂತಾರ ಸುಮ್ನ ನೋಡ್ತೀನಿ.”

ವ್ಯಾಪಾರಿಯ ಬುದ್ಧಿ! ಆದರೆ ಅದು ನಡೆಯುವುದಿಲ್ಲ. ಬ್ರೋಕರ್ ರಿಪ್ಲೈ ಆಲ್ ಒತ್ತಿದರೂ ಉತ್ತರ ಬಿಸಿಸಿಯವರಿಗೆ ಬರುವುದೇ ಇಲ್ಲ, ಅವನಿಗೆ ಅವರು ಇದ್ದದ್ದೇ ಗೊತ್ತಿಲ್ಲವಲ್ಲ. ಅದರ ಮೇಲೆ ಇವರೇ ಸಿಟ್ಟಿನಲ್ಲಿ ರಿಪ್ಲೈ ಆಲ್ ಒತ್ತಿದರೆ ಕದ್ದು ಕೂತದ್ದು ಬಯಲು. ಒಬ್ಬರಿಗೊಬ್ಬರು ಗುರುತಿಲ್ಲದ ಗಿರಾಕಿಗಳಿಗೆ ಒಂದೇ ಪಟ್ಟಿ ಕಳಿಸಲು ಬಿಸಿಸಿ ಸರಿ, ಪತ್ತೇದಾರಿಕೆಗೆ ನಾನಂತೂ ಅದನ್ನು ಹೇಳಿಕೊಡಲಾರೆ.

ಸಾವ್ಕಾರ್ರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. “ಹಂಗಾದ್ರ ಸಿಸಿ ಒಳಗ ಹಾಕಲೇ. ಸಾವ್ಕಾರ ನೋಡಾಕತ್ಯಾನ ಅಂತ ಗೊತ್ತಾದ್ರ ಲಾರಿ ಟೈಮಿಗೆ ಬರ್ತದ.”