ಡಿಸ್ಕ್ ಮೇಲೆ ನೇರಳೆ ನೀರು ಹರಿದಾಗ

ದೂರದ ಓಟ ಮುಗಿಸಿ ಆಗಷ್ಟೇ ಬಂದು ನಿಂತ ಕಾರು. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್, ನಾಲ್ಕೂ ಕಡೆ ಬಣ್ಣ ಹೊಡೆದು ಕ್ಲಿಯರ್ ಕೋಟ್ ಕೊಟ್ಟ ಅಲಾಯ್ ಚಕ್ರ. ಹಿಂದಿನವು ಸುಮಾರಾಗಿ ಚೊಕ್ಕಟವಾಗಿವೆ. ಮುಂದಿನವುಗಳ ಮೇಲೆ ಮಾತ್ರ ಕಂದುಗಪ್ಪು ಪುಡಿ, ಸ್ಪೋಕ್‌ಗಳ ಸಂದಿಯಲ್ಲಂತೂ ಪದರಗಟ್ಟಿದೆ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಸವೆದ ಪುಡಿ, ಎರಕದ ಕಬ್ಬಿಣದ ಡಿಸ್ಕ್ ಸವೆದ ಪುಡಿ ಎರಡೂ ಇದರಲ್ಲಿವೆ. ಕಾದ ಕಣಗಳು ಹಾರಿ ಬಂದು ಚಕ್ರಕ್ಕೆ ಕಚ್ಚಿಕೊಂಡು ಅಲ್ಲೇ ತುಕ್ಕು ಹಿಡಿಯುತ್ತವೆ. ಬರೀ ಶಾಂಪೂ ಹಾಕಿ ಉಜ್ಜಿದರೆ ಮೇಲುಮೇಲಿನದು ಹೋಗುತ್ತದೆ, ಕಚ್ಚಿಕೊಂಡದ್ದು ಉಳಿಯುತ್ತದೆ.

ಹಾಗೆಂದು ತಕ್ಷಣ ವೀಲ್ ಕ್ಲೀನರ್ ಬಾಟಲಿ ಹಿಡಿಯುವಂತಿಲ್ಲ. ಕಾರನ್ನು ನೆರಳಿನಲ್ಲಿ ನಿಲ್ಲಿಸಿ ಮುಕ್ಕಾಲು ಗಂಟೆಯಾದರೂ ಬಿಡಬೇಕು. ಚಕ್ರದ ಹೊರಮೈ ಬೇಗ ತಣಿಯುತ್ತದೆ, ಒಳಗಿನ ಡಿಸ್ಕ್ ತಣಿಯುವುದಿಲ್ಲ. ಅದಕ್ಕೇ ಸ್ಪೋಕ್ ನಡುವೆ ಅಂಗೈ ಹಿಂಭಾಗವನ್ನು ಡಿಸ್ಕ್ ಹತ್ತಿರ ಹಿಡಿದು, ಮುಟ್ಟದೆ, ಶಾಖ ನೋಡುವುದು. ಕಾದ ಲೋಹದ ಮೇಲೆ ಕ್ಲೀನರ್‌ನ ನೀರು ಆರಿಹೋಗಿ ರಾಸಾಯನಿಕ ಗಟ್ಟಿಯಾಗುತ್ತದೆ, ಬಿದ್ದ ಕಲೆ ಮತ್ತೆ ಏಳುವುದಿಲ್ಲ. ಕೆಂಡದಂತಿರುವ ಡಿಸ್ಕ್‌ಗೆ ತಣ್ಣೀರು ಹೊಯ್ದರೆ ಒಂದು ಕಡೆ ಸೆಳೆದುಕೊಂಡು ಸೊಟ್ಟಗಾಗುವ, ಬಿರುಕು ಬಿಡುವ ಅಪಾಯವೂ ಇದೆ.

ಈ ಬಿಡುವಿನಲ್ಲಿ ಲೇಬಲ್ ಓದಿಕೊಳ್ಳಬಹುದು. ಅಂಗಡಿಯಲ್ಲಿ ಎಲ್ಲವಕ್ಕೂ ವೀಲ್ ಕ್ಲೀನರ್ ಎಂದೇ ಹೆಸರು, ಒಳಗಿರುವುದು ಬೇರೆ ಬೇರೆ. ಆಮ್ಲದ ಜಾತಿಯದು ಬಹಳ ಬೇಗ ಕೆಲಸ ಮಾಡುತ್ತದೆ. ಸತು ಲೇಪನದ ಬೋಲ್ಟು, ಚಕ್ರದ ತೂಕದ ತುಂಡು, ಬಣ್ಣವಿಲ್ಲದ ಅಲ್ಯೂಮಿನಿಯಂ ಎಲ್ಲವನ್ನೂ ಅಷ್ಟೇ ಬೇಗ ತಿನ್ನುತ್ತದೆ. ಕಾಸ್ಟಿಕ್ ಸೋಡಾ ಇರುವ ಕ್ಷಾರದ ಜಾತಿ ಜಿಡ್ಡಿಗೆ ಒಳ್ಳೆಯದು, ಆದರೆ ಅಲ್ಯೂಮಿನಿಯಂ ಕ್ಯಾಲಿಪರ್‌ಗೆ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ), ಅದರಲ್ಲೂ ವಿದ್ಯುತ್ತಿನಿಂದ ಆಕ್ಸೈಡ್ ಪದರ ಕೊಟ್ಟು ಆನೊಡೈಸ್ ಮಾಡಿದ್ದಕ್ಕೆ ತಾಗಿದರೆ ಬೆಳ್ಳಗೆ ಮಂಕು ಹಿಡಿಯುತ್ತದೆ. ಮೂರನೆಯದು ಪಿಎಚ್ 7ರ ಆಸುಪಾಸಿನ, ಅಂದರೆ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಐರನ್ ರಿಮೂವರ್. ಇದರಲ್ಲಿನ ಥಯೋಗ್ಲೈಕೊಲೇಟ್ ಕಬ್ಬಿಣವನ್ನು ಹಿಡಿದು ಕರಗಿಸಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಕೊಳೆತ ಮೊಟ್ಟೆಯಂಥ ವಾಸನೆ ಸಹಿಸಿಕೊಂಡರೆ ಬ್ರೇಕ್ ಸುತ್ತಮುತ್ತ ಬಳಸಲು ಇದೇ ಸರಿ.

ಲೇಬಲ್ ಇಲ್ಲದ ಕ್ಯಾನ್‌ನಲ್ಲಿ ಬಿಡಿಯಾಗಿ ಬರುವ ಆಮ್ಲವನ್ನು ಮುಟ್ಟದಿರುವುದೇ ಲೇಸು. ಅದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲವೋ ಅಮೋನಿಯಂ ಬೈಫ್ಲೋರೈಡೋ ಇದ್ದರೆ, ಚರ್ಮಕ್ಕೆ ತಾಗಿದಾಗ ಉರಿಯೇ ಆಗದೆ, ಗಂಟೆಗಟ್ಟಲೆ ಕಳೆದ ಮೇಲೆ ಆಳದಿಂದ ನೋವು ಶುರುವಾಗಬಹುದು. ಕೂಡಲೇ ಧಾರಾಳ ನೀರಿನಲ್ಲಿ ತೊಳೆದು, 2.5 ಶೇಕಡಾ ಕ್ಯಾಲ್ಸಿಯಂ ಗ್ಲೂಕೊನೇಟ್ ಜೆಲ್ ಹಚ್ಚಿ ಆಸ್ಪತ್ರೆಗೆ ಹೋಗಬೇಕಾದ ಸಂಗತಿ ಅದು. ಮೃದು ಕ್ಲೀನರ್‌ಗೂ ನೈಟ್ರೈಲ್ ಕೈಗವಸು, ಕಣ್ಣಿಗೆ ಕನ್ನಡಕ ಬೇಕು. ಎರಡು ಜಾತಿಯ ಕ್ಲೀನರ್ ಬೆರೆಸಬಾರದು: ಐರನ್ ರಿಮೂವರ್‌ಗೆ ಆಮ್ಲ ಸೇರಿದರೆ ವಿಷಗಾಳಿ, ಆಮ್ಲಕ್ಕೆ ಬ್ಲೀಚ್ ಸೇರಿದರೆ ಕ್ಲೋರಿನ್.

ಕೆಲಸ ಒಂದೊಂದೇ ಚಕ್ರದ್ದು. ನಾಲ್ಕಕ್ಕೂ ಒಟ್ಟಿಗೆ ಸಿಂಪಡಿಸಿ ಬಂದರೆ ಕೊನೆಯದಕ್ಕೆ ಬರುವಷ್ಟರಲ್ಲಿ ಒಣಗಿರುತ್ತದೆ. ಮೊದಲು ಬರೀ ನೀರಿನಿಂದ ಸಡಿಲ ಪುಡಿ ಇಳಿಸಬೇಕು. ಏರ್ ಗನ್‌ನಿಂದ ಊದಬಾರದು; ಬ್ರೇಕ್ ಪುಡಿ ಉಸಿರಿಗೆ ಹೋಗಬಾರದ ವಸ್ತು, ಹಳೆಯ ಪ್ಯಾಡ್, ಡ್ರಮ್‌ನೊಳಗೆ ಒತ್ತುವ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಕೂಡ ಇದ್ದೀತು. ಆಮೇಲೆ ಚಕ್ರದ ಮುಖಕ್ಕೂ ಸ್ಪೋಕ್‌ಗಳ ಹಿಂದಿನ ಒಳ ಬಳೆಗೂ ಕ್ಲೀನರ್. ಕ್ಯಾಲಿಪರ್‌ಗೆ ಗುರಿಯಿಟ್ಟು ಹೊಡೆಯುವ ಅಗತ್ಯವಿಲ್ಲ, ಬೀಳುವಷ್ಟು ಹೇಗೂ ಬೀಳುತ್ತದೆ. ಎರಡು ಮೂರು ನಿಮಿಷ ಬಿಟ್ಟು ಮೆತ್ತನೆಯ ಬ್ರಷ್‌ನಿಂದ ಉಜ್ಜುವುದು. ಇದಕ್ಕೆ ಬಕೆಟ್ ಬೇರೆಯೇ ಇರಲಿ, ಇಲ್ಲದಿದ್ದರೆ ಅದೇ ಕಬ್ಬಿಣದ ಚೂರು ಬಾಡಿ ಬಣ್ಣಕ್ಕೆ ಗೀರು ಹಾಕುತ್ತದೆ.

ಅನೇಕರು ದಾರಿ ತಪ್ಪುವುದು ಇಲ್ಲೇ. ನೇರಳೆ ನೀರು ಡಿಸ್ಕ್ ಮೇಲೆ ಹರಿಯುವುದನ್ನು ಕಂಡು ಕೆಲವರು ಡಿಸ್ಕ್ ಕರಗಿತೆಂದು ಗಾಬರಿಯಾಗುತ್ತಾರೆ. ಇನ್ನು ಕೆಲವರು ಕೊಳೆ ಇನ್ನೂ ಇದೆ ಎಂದುಕೊಂಡು ಮತ್ತೆ ಮತ್ತೆ ಹೊಡೆಯುತ್ತಾರೆ. ಡಿಸ್ಕೇ ಕಬ್ಬಿಣ, ಎಷ್ಟು ಸಲ ಹೊಡೆದರೂ ಅದು ನೇರಳೆಯಾಗುತ್ತಲೇ ಇರುತ್ತದೆ. ಬಣ್ಣವನ್ನು ಅಲಾಯ್ ಮೇಲೆ ನೋಡಬೇಕು, ಡಿಸ್ಕ್ ಮೇಲಲ್ಲ. ಎರಡು ಮೂರು ನಿಮಿಷದಲ್ಲಿ ಡಿಸ್ಕ್‌ಗೆ ಏನೂ ಆಗುವುದಿಲ್ಲ. ಪ್ಯಾಡ್‌ನ ಕ್ಲಿಪ್, ಕ್ಯಾಲಿಪರ್‌ನ ಜಾರುವ ಪಿನ್ನು, ನಟ್‌ಗಳ ಗುಳಿಗಳಲ್ಲಿ ನಿಂತುಬಿಟ್ಟ ಕ್ಲೀನರ್ ದಿನಗಟ್ಟಲೆ ತಿನ್ನುತ್ತದೆ, ತೊಂದರೆ ಕೊಡುವುದು ಅದೇ. ಆದ್ದರಿಂದ ಸಿಂಪಡಿಸಿದ್ದಕ್ಕಿಂತ ಹೆಚ್ಚು ಹೊತ್ತು ನೀರು ಬಿಡಬೇಕು: ಮೊದಲು ಒಳ ಬಳೆ, ಆಮೇಲೆ ಕ್ಯಾಲಿಪರ್ ಮತ್ತು ಡಿಸ್ಕ್, ಕೊನೆಗೆ ಚಕ್ರದ ಮುಖ. ಕಾರನ್ನು ಅರ್ಧ ಸುತ್ತು ಮುಂದಕ್ಕೆ ಉರುಳಿಸಿ ಇನ್ನೊಮ್ಮೆ.

ಪ್ರೆಷರ್ ವಾಷರ್ ಇದ್ದರೆ ಒಂದಡಿ ದೂರ ಇಟ್ಟು ಅಗಲ ಧಾರೆ ಬಿಡಬೇಕು. ಪ್ಯಾಡ್ ಒತ್ತುವ ಪಿಸ್ಟನ್ನಿನ ರಬ್ಬರ್ ಮುಸುಕಾದ ಡಸ್ಟ್ ಬೂಟ್, ಬೇರಿಂಗ್ ಸೀಲು, ಚಕ್ರದ ವೇಗ ಅಳೆಯುವ ಎಬಿಎಸ್ ಸೆನ್ಸರ್ ಕನೆಕ್ಟರ್ ಹತ್ತಿರ ಸಣ್ಣ ಧಾರೆ ಬೇಡ. ಟಾರಿನ ಕಲೆಗೆ ಡೀಸೆಲ್, ಸೀಮೆಎಣ್ಣೆ ಹಾಕುವ ಹಳೆಯ ಚಾಳಿ ಬ್ರೇಕ್ ಬಳಿ ಅಪಾಯಕರ. ಕ್ಯಾಲಿಪರ್ ರಬ್ಬರ್ ಬ್ರೇಕ್ ಆಯಿಲ್‌ಗೆ ಜಗ್ಗುವುದಿಲ್ಲ, ಪೆಟ್ರೋಲಿಯಂ ಎಣ್ಣೆಗೆ ಉಬ್ಬುತ್ತದೆ. ಉಬ್ಬಿದರೆ ಪಿಸ್ಟನ್ ಹಿಂದೆ ಸರಿಯದೆ ಬ್ರೇಕ್ ಹಿಡಿದುಕೊಳ್ಳುತ್ತದೆ.

ತೊಳೆದ ಬ್ರೇಕ್ ಮೊದಲ ಒತ್ತಿಗೆ ಸರಿಯಾಗಿ ಹಿಡಿಯುವುದಿಲ್ಲ. ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸುತ್ತ ಎಂಟು ಹತ್ತು ಸಲ ಹಗುರವಾಗಿ ಒತ್ತಬೇಕು. ಡ್ರಮ್‌ನೊಳಗೆ ಹೋದ ನೀರು ಆರಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ಒದ್ದೆಯಲ್ಲೇ ಹ್ಯಾಂಡ್‌ಬ್ರೇಕ್ ಎಳೆದು ರಾತ್ರಿಯಿಡೀ ಬಿಟ್ಟರೆ ಲೈನಿಂಗ್ ಡ್ರಮ್‌ಗೆ ತುಕ್ಕಿನಲ್ಲಿ ಅಂಟಿಕೊಳ್ಳಬಹುದು. ಸಮತಟ್ಟು ಜಾಗವಾದರೆ ಗೇರ್‌ನಲ್ಲಿ ಹಾಕಿ ಚಕ್ರಕ್ಕೆ ಅಡ್ಡ ಕೊಟ್ಟರೆ ಆಯಿತು. ಡಿಸ್ಕ್ ಮೇಲೆ ಕಾಣುವ ಕಿತ್ತಳೆ ತುಕ್ಕು ಕೆಲವು ಬ್ರೇಕಿಗೆ ಅಳಿಸಿಹೋಗುತ್ತದೆ.

ಕ್ಲೀನರ್‌ಗಿಂತ ಹೆಚ್ಚು ಹೆದರಬೇಕಾದದ್ದು ಆಮೇಲೆ ಬರುವ ಟಯರ್ ಪಾಲಿಶ್‌ಗೆ. ಅದರ ಸಿಲಿಕೋನ್ ಡಿಸ್ಕ್‌ಗೆ ಸಿಡಿದರೆ ಹಿಡಿತವೇ ಹೋಗುತ್ತದೆ. ಸ್ಪ್ರೇ ಬಿಟ್ಟು ಸ್ಪಂಜಿಗೆ ಹಾಕಿಕೊಂಡು ಟಯರಿಗಷ್ಟೇ ಸವರಬೇಕು, ಮಿಕ್ಕಿದ್ದನ್ನು ಒರೆಸಬೇಕು. ಡಿಸ್ಕ್‌ಗೆ ತಾಗಿದರೆ ತಣ್ಣಗಿರುವಾಗ ಬ್ರೇಕ್ ಕ್ಲೀನರ್ ಹಾಕಿ ಒರೆಸಬಹುದು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ತುಂಬಾ ಕಾದ ಲೋಹಕ್ಕೆ ಬಿದ್ದರೆ ಫಾಸ್ಜೀನ್ ಎಂಬ ವಿಷಗಾಳಿ ಬರಬಹುದು, ಹಾಗಾಗಿ ತಣ್ಣಗಿರುವುದು ಕಡ್ಡಾಯ. ಪ್ಯಾಡ್ ಹೀರಿಕೊಂಡಿದ್ದರೆ ತೊಳೆದು ಪ್ರಯೋಜನವಿಲ್ಲ. ಎಡಬಲ ಎರಡೂ ಚಕ್ರದ ಪ್ಯಾಡ್‌ಗಳನ್ನು ಒಟ್ಟಿಗೆ ಬದಲಿಸಬೇಕು. ಒಂದೇ ಕಡೆ ಹೊಸದು ಹಾಕಿದರೆ ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ.