ಬ್ರಾಕಿ ಅಂಗಡಿಯ ಪುಟ್ಟ ಮಾದರಿ: ಒಂಬತ್ತನೇ ವಾರ

ಕೌಂಟರ್ ಕೊನೆಗೂ ಅಲುಗಾಡದೆ ಕೂತಿತು. ಅಳತೆ 1:24, ಅಂದರೆ ಆರಡಿ ಬಾಗಿಲು ಇಲ್ಲಿ ಮೂರೇ ಇಂಚು. ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಕಣಿವೆಗಳಲ್ಲಿ ಇಟಲಿಯವರ ಕೆಫೆಗೆಲ್ಲ ‘ಬ್ರಾಕಿ’ ಅಂತಲೇ ಹೆಸರು. ಮೊದಮೊದಲು ಬಂದು ನೆಲೆಸಿದ ಒಂದು ಮನೆತನದ ಹೆಸರು ಎಲ್ಲರಿಗೂ ಅಂಟಿಕೊಂಡಿತು. ಬಹುಪಾಲು ಜನ ಉತ್ತರ ಇಟಲಿಯ ಬೆಟ್ಟದೂರು ಬಾರ್ದಿಯ ಕಡೆಯವರು. ನಾನು ಕಟ್ಟುತ್ತಿರುವುದು ಇಂಥವರದೇ ಅಂಗಡಿ ಅಂತಲ್ಲ, ಹಳೆಯ ಫೋಟೊಗಳನ್ನು ನೋಡಿ ಕೂಡಿಸಿದ್ದು. ದಿನ ಮಾತ್ರ ಗಟ್ಟಿ: 1940ರ ಜೂನ್ 10, ಇಟಲಿಯ ಮುಸೊಲಿನಿ ಬ್ರಿಟನ್ ಮೇಲೆ ಯುದ್ಧ ಸಾರಿದ ರಾತ್ರಿ.

ಈ ವಾರ ಹೆಚ್ಚು ಹೊತ್ತು ತಿಂದದ್ದು ಮಿಠಾಯಿ ಜಾಡಿಗಳು. ತೆಳು ಗಾಜಿನ ಕೊಳವೆ ಕತ್ತರಿಸಿ, ಅಂಚು ಉಜ್ಜಿ, ಒಳಗೆ ಬಣ್ಣ ಹಾಕಿದ ಗಸಗಸೆ ತುಂಬಿದೆ. ರಾಗಿ ಈ ಅಳತೆಗೆ ದಪ್ಪವಾಯಿತು. ಮೊದಲ ಸಲ ಗೋಂದು ತಾಗಿ ಕೆಂಪು ಬಣ್ಣವೆಲ್ಲ ಇಳಿದು ಹನ್ನೊಂದು ಜಾಡಿ ಹಾಳಾದವು. ಈಗ ಗೋಂದೇ ಬೇಡವೆಂದು ಬರೀ ಮುಚ್ಚಳ ಬಿಗಿದಿದ್ದೇನೆ. ಚಹಾ ಬಾಯ್ಲರ್‌ಗೆ ಹಿತ್ತಾಳೆ ಕೊಳವೆ, ನಲ್ಲಿಗೆ ತಾಮ್ರದ ತಂತಿ.

ಕಿಟಕಿಯ ವಿಷಯದಲ್ಲಿ ಮನಸ್ಸು ಬದಲಾಯಿತು. ಆ ರಾತ್ರಿ ಎಡಿನ್‌ಬರೋದಂಥ ಊರುಗಳಲ್ಲಿ ಇಟಲಿಯವರ ಅಂಗಡಿಗಳಿಗೆ ಕಲ್ಲು ಬಿದ್ದದ್ದು ನಿಜ. ಹಾಗಾಗಿ ಒಡೆದ ಗಾಜನ್ನೇ ಕೂರಿಸಿದ್ದೆ. ಈಗ ತೆಗೆದುಬಿಟ್ಟೆ. ಒಡೆದ ಗಾಜು ಇದ್ದರೆ ನೋಡುವವರ ಕಣ್ಣು ಅಲ್ಲೇ ನಿಲ್ಲುತ್ತದೆ. ನನಗೆ ಬೇಕಾದದ್ದು ಬಾಗಿಲಲ್ಲಿ ನಿಂತ ಕಾನ್‌ಸ್ಟೇಬಲ್. ಎಷ್ಟೋ ಕಡೆ ಇಟಲಿಯವರನ್ನು ಹಿಡಿಯಲು ಬಂದವರು ಅದೇ ಬೀದಿಯ ಪೊಲೀಸರು, ಅದೇ ಅಂಗಡಿಯಲ್ಲಿ ಚಹಾ ಕುಡಿದವರು.

ಬ್ರಿಟನ್ನಿನಲ್ಲಿ ಹೀಗೆ ಸುಮಾರು 4,000 ಇಟಾಲಿಯನ್ನರನ್ನು ಹಿಡಿದರು. ಹಲವರನ್ನು ಇಂಗ್ಲೆಂಡಿನ ಬರಿ (Bury) ಎಂಬ ಊರಿನ ಪಾಳುಬಿದ್ದ ಹತ್ತಿ ಗಿರಣಿ ವಾರ್ತ್ ಮಿಲ್ಸ್‌ನಲ್ಲಿ ಕೂಡಿಹಾಕಿದರು. ಜುಲೈ 1ರಂದು ಬಂಧಿತರನ್ನು ಹೊತ್ತು ಲಿವರ್‌ಪೂಲ್‌ನಿಂದ ಕೆನಡಾ ಕಡೆಗೆ ಹೊರಟ ‘ಅರಾಂಡೋರಾ ಸ್ಟಾರ್’ ಹಡಗನ್ನು ಮರುದಿನ ಬೆಳಿಗ್ಗೆ ಐರ್ಲೆಂಡ್ ಆಚೆ ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತು. ಸತ್ತ 800ಕ್ಕೂ ಹೆಚ್ಚು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಇಟಾಲಿಯನ್ನರು, 48 ಮಂದಿ ಬಾರ್ದಿಯವರು. ಬಾರ್ದಿಯ ಸ್ಮಶಾನದಲ್ಲಿ ಅವರಿಗೊಂದು ಪುಟ್ಟ ಪ್ರಾರ್ಥನಾಮಂದಿರವಿದೆ.

ಕೌಂಟರ್ ಹಿಂದೆ ಅಂಗಡಿಯವನ ಹೆಂಡತಿಯ ಗೊಂಬೆ ನಿಲ್ಲಿಸಿದ್ದೇನೆ. ಇದೇ ಕಣಿವೆಯಲ್ಲಿ ಹುಟ್ಟಿದವಳು ಅಂದುಕೊಂಡಿದ್ದೇನೆ. ಆಗಿನ ಕಾನೂನಿನಲ್ಲಿ ಇಟಲಿಯವನನ್ನು ಮದುವೆಯಾದರೆ ಅವಳ ಬ್ರಿಟಿಷ್ ಪೌರತ್ವವೂ ಹೋಗುತ್ತಿತ್ತು. ಅಪ್ಪ ಬಂಧನದಲ್ಲಿ, ಮಗ ಬ್ರಿಟಿಷ್ ಸೈನ್ಯದಲ್ಲಿ ಇದ್ದ ಮನೆಗಳೂ ಇದ್ದವು. ಅದಕ್ಕೇ ಜಾಡಿಗಳ ನಡುವೆ ಸಮವಸ್ತ್ರ ತೊಟ್ಟ ಮಗನ ಫೋಟೊ, ನಾಲ್ಕು ಮಿಲಿಮೀಟರ್ ಅಗಲದ್ದು. ಮೂರು ಸಲ ಜಾಗ ಬದಲಿಸಿದೆ. ಈಗ ಬಾಗಿಲಲ್ಲಿ ನಿಂತವನಿಗೆ ನೇರ ಎದುರಿಗೆ ಬರುತ್ತದೆ.

ಮುಂದಿನ ವಾರ ಕಾನ್‌ಸ್ಟೇಬಲ್‌ನ ಹೆಲ್ಮೆಟ್.